ಸೊನ್ನೆ ಇದ್ದಲ್ಲಿ ಒಂದು

ಪುಟ್ಟ ಮಗ್ಗದ ಮುಂದೆ ಅಂಟಿಸಿದ ಚೀಟಿಯಲ್ಲಿ ಅಂಜನಾಳ ಹೆಸರು ಕಂಡಾಗ ಖುಶನುಮಾ ಅಳಲಿಲ್ಲ, ಹಲ್ಲು ಕಚ್ಚಿಕೊಂಡಳು.

ಇಳಕಲ್ಲಿನ ಹೈಸ್ಕೂಲಿನಲ್ಲಿ ಮಕ್ಕಳೇ ಯಂತ್ರ ಮಾಡಿ ಕಲಿಯುವ ಟಿಂಕರಿಂಗ್ ಲ್ಯಾಬಿನಲ್ಲಿ ಆ ಮಗ್ಗ ಮಾಡಿದವಳು ಒಂಬತ್ತನೆಯ ತರಗತಿಯ ಖುಶನುಮಾ. ಎಳೆ ಎದ್ದರೆ ಒಂದು, ಕೂತರೆ ಸೊನ್ನೆ. ಆ ಸಾಲುಗಳನ್ನು ಕಂಪ್ಯೂಟರಿಗೆ ಬರೆದುಕೊಟ್ಟರೆ ಸಣ್ಣ ಮೋಟಾರುಗಳು ಎಳೆಗಳನ್ನು ಎತ್ತಿ ಇಳಿಸುತ್ತಿದ್ದವು, ಬಿಳಿ ಬಟ್ಟೆಯ ಮೇಲೆ ಕೆಂಪು ಗೋಪುರದ ಚಿತ್ತಾರ ಮೂಡುತ್ತಿತ್ತು. ಅದು ಬಾಗಲಕೋಟೆಯ ಪ್ರದರ್ಶನಕ್ಕೆ ಆಯ್ಕೆಯಾದರೆ ಹತ್ತನೆಯ ತರಗತಿಗೆ ಕಳಿಸುತ್ತೇನೆ, ಇಲ್ಲದಿದ್ದರೆ ಮನೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತು ಎಂದು ಅಪ್ಪ ಅಲ್ಲಾಸಾಬ ಹೇಳಿಬಿಟ್ಟಿದ್ದ. ಆದರೆ ಲ್ಯಾಬಿನ ಶಿರೀಷ ಸರ್, ನಾಲ್ಕು ಮಂದಿಯ ಮುಂದೆ ಇವಳಿಗೆ ಬಾಯಿ ಬರುವುದಿಲ್ಲ, ಅಂಜನಾ ಚಲೋ ಮಾತಾಡುತ್ತಾಳೆ ಎಂದು ಚೀಟಿಯಲ್ಲಿನ ಹೆಸರನ್ನೇ ಬದಲಿಸಿದರು. ಒಂದೇ ಬೆಂಚಿನ ಗೆಳತಿ ಅಂಜನಾ ಬೇಡವೆನ್ನಲಿಲ್ಲ.

"ನೀ ಹಿಂದ ನಿಂತು ವಾಯರ್ ಹಿಡ್ಕೊ, ಸಾಕು," ಅಂದಳು.

ಖುಶನುಮಾ ಹಿಡಿದುಕೊಂಡಳು. ಹುನಗುಂದದಲ್ಲಿ ತಾಲ್ಲೂಕಿನ ಆಯ್ಕೆ ನಡೆದ ದಿನ, ಎಲ್ಲರೂ ಚಹಾಕ್ಕೆ ಹೋದಾಗ, ಗೋಪುರದ ಸಾಲುಗಳಲ್ಲಿ ಸೊನ್ನೆ ಇದ್ದಲ್ಲೆಲ್ಲ ಒಂದು, ಒಂದು ಇದ್ದಲ್ಲೆಲ್ಲ ಸೊನ್ನೆ ಬರೆದಿಟ್ಟಳು.

ಬಾಗಲಕೋಟೆಯಿಂದ ಬಂದಿದ್ದ ಪರೀಕ್ಷಕಿ ವಂದನಾ ಮೇಡಂ ಎದುರಿಗೆ ಮಗ್ಗ ಓಡಿತು. ಗೋಪುರ ಮೂಡಲಿಲ್ಲ. ಕೆಂಪು ನೂಲು ಬಟ್ಟೆಯ ತುಂಬ ಸಡಿಲಾಗಿ ಜೋತುಬಿತ್ತು. ಪಾಠ ಒಪ್ಪಿಸುತ್ತಿದ್ದ ಅಂಜನಾ ಹೇಳಿದ್ದನ್ನೇ ಮತ್ತೆ ಹೇಳಿದಳು, ಶಿರೀಷ ಸರ್ ಕುತ್ತಿಗೆ ಒರೆಸಿಕೊಂಡರು. ಹಿಂದೆ ನಿಂತ ಖುಶನುಮಾಳ ಹೊಟ್ಟೆ ತಣ್ಣಗಾಯಿತು.

ಅಷ್ಟರಲ್ಲಿ ಮೇಡಂ ಬಗ್ಗಿ ಬಟ್ಟೆಯ ತಳ ನೋಡಿದರು. ಏಳುವ ಎಳೆ ಕೂತು, ಕೂರುವ ಎಳೆ ಎದ್ದು, ಅಲ್ಲಿ ಗೋಪುರ ಅಚ್ಚುಕಟ್ಟಾಗಿ ನಿಂತಿತ್ತು. ಕೆಲವು ನೇಕಾರರು ಹೀಗೆ ಬಟ್ಟೆಯ ಮುಖ ಕೆಳಗೆ ಮಾಡಿಯೇ ನೇಯುತ್ತಾರೆ, ಭಾಳ ಚಂದ ಆಗಿದೆ ಎಂದು ಅಂಜನಾಳ ಬೆನ್ನು ತಟ್ಟಿದರು.

"ಹೌದ್ರಿ ಮೇಡಂ, ಬೇಕಂತನ ಹಂಗ ಮಾಡೇನ್ರಿ," ಅಂದಳು ಅಂಜನಾ.

ಖುಶನುಮಾಳ ಮನೆಯಲ್ಲಿ ಯಾವಾಗಲೂ ಮುಖ ಮೇಲೆ ಮಾಡಿಯೇ ನೇಯುವುದು. ಮೇಲೆ ಕೆಡಿಸಿದ್ದು ತಳದಲ್ಲಿ ಸರಿಯಾಗಿ ಮೂಡೀತು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು. ವಾಯರು ಬಿಟ್ಟು ಮುಂದೆ ಬಂದಳು.

"ಹಂಗಾದ್ರ ಆ ಗೋಪುರಾನ ಮ್ಯಾಲ ತರಾಕ ಆಕಿಗೆ ಹೇಳ್ರಿ," ಅಂದಳು. ದನಿ ನಡುಗಿದರೂ ಮಾತು ನಿಲ್ಲಿಸಲಿಲ್ಲ. "ಮಗ್ಗ ಮಾಡಿದಾಕಿ ನಾನ್ರಿ. ಕೆಡಿಸಿದಾಕಿನೂ ನಾನ. ಆಕಿ ಬೀಳ್ಲಿ ಅಂತ ಕೆಡಿಸೇನಿ."

ಮೇಡಂ ಕೀಬೋರ್ಡನ್ನು ಅಂಜನಾಳತ್ತ ಸರಿಸಿದರು. ಅಂಜನಾಳ ಬೆರಳು ಯಾವ ಕೀಲಿಯ ಮೇಲೂ ಇಳಿಯಲಿಲ್ಲ. ಯಂತ್ರವಂತೂ ತಿರುಗುತ್ತದಲ್ಲ, ಹೊತ್ತಾಯಿತು ಎಂದು ಶಿರೀಷ ಸರ್ ನಡುವೆ ಬಂದರು. ಯಂತ್ರ ತಿರುಗುತ್ತದೋ ಇಲ್ಲವೋ ನೋಡಲು ನಾನು ಬಂದಿಲ್ಲ, ಒಂಬತ್ತನೆಯ ತರಗತಿಯ ಮಗು ಏನು ಕಲಿತಿದೆ ಅಂತ ನೋಡಬೇಕು, ಲ್ಯಾಬ್ ಕೊಟ್ಟಿದ್ದು ಅದಕ್ಕೇ ಎಂದರು ಮೇಡಂ. ಒಬ್ಬಳಿಗೆ ಬರುವುದಿಲ್ಲ, ಬರುವವಳು ಬೇಕೆಂದೇ ಕೆಡಿಸಿದ್ದಾಳೆ. ಇಬ್ಬರನ್ನೂ ಕೈಬಿಟ್ಟು ಮುಂದಿನ ಶಾಲೆಯ ಮೇಜಿಗೆ ಹೋದರು.

ಇಳಕಲ್ಲಿಗೆ ಮರಳುವ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತ ಅಂಜನಾ ಅತ್ತೂ ಅತ್ತೂ, ಹಿಂದೆ ತಿರುಗದೆಯೇ ಕೇಳಿದಳು.

"ನಿನ್ನ ಹತ್ತನೇ ಕ್ಲಾಸಿನ ಸಾಲಿನೂ ಹೋತಲ್ಲ. ಏನ ಸಿಕ್ತ ನಿನಗ?"

"ನೀ ಬಾಗಲಕೋಟಿಗೆ ಹೋಗಂಗಿಲ್ಲಲ್ಲ. ಅಷ್ಟ ಸಾಕು."

ಮಗ್ಗ ಆಯ್ಕೆಯಾಗಲಿಲ್ಲ ಎಂದು ಅಪ್ಪನಿಗೆ ಇನ್ನೂ ಹೇಳಬೇಕಿತ್ತು. ಅದನ್ನು ಹೇಳುವವರೆಗಾದರೂ ಈ ರುಚಿ ಇರಲಿ ಎಂದು ಖುಶನುಮಾ ಕಿಟಕಿಯತ್ತ ಮುಖ ತಿರುವಿದಳು.