ಮೂರನೆಯವರ ಮೇಲಿದ್ದ ಸೇತುವೆ

ಬಿದ್ದ ಸೇತುವೆಯನ್ನೂ ಅಪ್ಪನ ಹೆಸರನ್ನೂ ಒಂದೇ ಸಾಲಿನಲ್ಲಿ ಯಾವತ್ತೂ ಬರೆಯುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಾಗ ನನಗೆ ಹನ್ನೆರಡು ವರ್ಷ. ಶಾಲೆಯಲ್ಲಿ ‘ನನ್ನ ತಂದೆಯ ಕೆಲಸ’ ಎಂದು ಪ್ರಬಂಧ ಕೊಟ್ಟಿದ್ದರು. ಅಪ್ಪ ಕಟ್ಟಿಸಿದ ನಾಲ್ಕು ಸೇತುವೆಗಳನ್ನು ಸಾಲಾಗಿ ಬರೆದಿದ್ದೆ. ನಾಲ್ಕನೆಯದು ಕಾಲುಸೇತುವೆ, ಅದು ಕುಸಿದು ಐದು ತಿಂಗಳಾಗಿತ್ತು. ಬೆಳಗಿನ ಹೊತ್ತು ಕೆಲಸಕ್ಕೆ ಹೊರಟಿದ್ದ ಹನ್ನೊಂದು ಜನ ಸತ್ತಿದ್ದರು. ಅದು ಬಿದ್ದದ್ದು ನನಗೆ ಗೊತ್ತಿತ್ತು, ಬಾಯಿಬಿಡಬಾರದು ಅನ್ನುವುದು ಗೊತ್ತಿರಲಿಲ್ಲ. ಅಮ್ಮ ಹಾಳೆ ಹರಿದು, ನನ್ನ ಎರಡೂ ಕೈ ಹಿಡಿದುಕೊಂಡಳು.

“ಇನ್ನೆಂದೂ ಬರೆಯೋಲ್ಲ ಅನ್ನು. ನನ್ನಾಣೆ ಅನ್ನು.”

ಅಂದೆ. ಮೂರು ವರ್ಷಕ್ಕೆ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಇಲಾಖೆಯ ಒಳಗೇ ನಡೆಯುತ್ತಿದ್ದ ವಿಚಾರಣೆ, ಹೊರಗೆ ಯಾರ ಹೆಸರೂ ಬಾರದೆ, ಅವರ ಜೊತೆಗೇ ಮುಗಿಯಿತು.

ನಾನು ಕೆಲಸ ಮಾಡುವುದು ಚರಿತ್ರಕೋಶದ ಕಚೇರಿಯಲ್ಲಿ. ದಕ್ಷಿಣ ಏಷ್ಯಾದ ಗಣ್ಯರ ಹುಟ್ಟು, ಸಾವು, ಸಾಧನೆಗಳನ್ನು ಅಕಾರಾದಿಯಾಗಿ ಎಂಟು ಸಂಪುಟಗಳಲ್ಲಿ ಕೊಡುವ ಪುಸ್ತಕ ಅದು. ನಮ್ಮ ದೊಡ್ಡ ತಲೆನೋವು ಒಂದೇ ಹೆಸರಿನವರು. ಅಂಥವರನ್ನು ಹುಟ್ಟಿದ ವರ್ಷದ ಪ್ರಕಾರ ಒಬ್ಬರ ಕೆಳಗೊಬ್ಬರಂತೆ ನಿಲ್ಲಿಸಿ, ಮುಂದೆ ಅಂಕಿ ಹಾಕುತ್ತೇವೆ. ಅಪ್ಪನ ಹೆಸರಿನವರು ಐದು ಜನ. ಮೊದಲನೆಯವರು ನ್ಯಾಯಮೂರ್ತಿ, ಎರಡನೆಯವರು ಗಾಯಕರು, ಮೂರನೆಯವರು ಊರೂರಿಗೆ ಕುಡಿಯುವ ನೀರು ತಂದ ಎಂಜಿನಿಯರು, ನಾಲ್ಕನೆಯವರು ಸೇತುವೆಯ ಎಂಜಿನಿಯರು, ಐದನೆಯವನು ಹಾಕಿ ಗೋಲ್‌ಕೀಪರ್. ಕಚೇರಿಯಲ್ಲಿ ಅವರಿಗೆ ಪಂಚಪಾಂಡವರು ಎಂದೇ ಹೆಸರು. ಗಾಯಕರನ್ನು ಕಚೇರಿಗೆ ಕರೆತಂದು ಹಾಡಿಸಬೇಕೆಂದು ಯಾರೋ ಬರೆದ ಪತ್ರ ನ್ಯಾಯಮೂರ್ತಿಗಳಿಗೆ ಹೋಗಿ, ಅವರು “ನನಗೆ ಬರುವುದು ಒಂದೇ ರಾಗ, ಅದು ತೀರ್ಪು” ಎಂದು ಉತ್ತರ ಬರೆದಿದ್ದರಂತೆ. ಹೊಸಬರು ಬಂದಾಗಲೆಲ್ಲ ಆ ಕತೆ ಹೇಳಿ ನಗುತ್ತೇವೆ. ನಾನೂ ನಗುತ್ತೇನೆ.

ನಾಲ್ಕನೆಯವರು ನನ್ನ ಅಪ್ಪ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿದಾಗ ನನ್ನ ಹೆಸರಿನ ಮುಂದೆ ಗಂಡನ ಹೆಸರಿನ ಮೊದಲಕ್ಷರ ಇತ್ತು. ಸೇರಿದ ವಾರವೇ, ಎಲ್ಲರೂ ಊಟಕ್ಕೆ ಹೋದಾಗ, ಆರನೆಯ ಸಂಪುಟ ತೆಗೆದು ನೋಡಿದ್ದೆ. ಅಪ್ಪನ ಕೆಳಗೆ ಮೂರು ಸೇತುವೆಗಳಿದ್ದವು, ಮೂರೂ ಇವತ್ತಿಗೂ ನಿಂತಿವೆ. ನಾಲ್ಕನೆಯದು ಇರಲಿಲ್ಲ. ಅದು ಮೂರನೆಯವರ ಕೆಳಗೆ ಇತ್ತು: ‘ಇವರು ವಿನ್ಯಾಸಗೊಳಿಸಿದ ಕಾಲುಸೇತುವೆ ಕುಸಿದು ಹನ್ನೊಂದು ಮಂದಿ ಮೃತಪಟ್ಟರು.’ ಇಬ್ಬರೂ ಲೋಕೋಪಯೋಗಿ ಇಲಾಖೆಯವರು. ದುರಂತವಾದ ಮರುದಿನ ಪತ್ರಿಕೆಗಳು ಆ ಹೆಸರಿನ ಫೋಟೊ ಹುಡುಕಿದಾಗ ಸಿಕ್ಕಿದ್ದು ಪದಕ ಪಡೆದಿದ್ದ ಮೂರನೆಯವರದು. ಅದನ್ನೇ ಹಾಕಿದರು. ಕೋಶದವರು ಪತ್ರಿಕೆಯ ತುಣುಕು ನೋಡಿ ಬರೆದರು.

ತಪ್ಪು ಕಂಡರೆ ತಿದ್ದುಪಡಿ ಚೀಟಿ ಬರೆಯುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಕಡಿಮೆಯೆಂದರೂ ನಾಲ್ಕು ಸಾವಿರ ಚೀಟಿ ಬರೆದಿದ್ದೇನೆ. ಅದೊಂದನ್ನು ಬರೆಯಲಿಲ್ಲ.

ಹೊಸ ಆವೃತ್ತಿಯ ಆರನೆಯ ಸಂಪುಟ ಅಚ್ಚಿಗೆ ಹೋಗಲು ನಾಲ್ಕು ದಿನ ಇದ್ದಾಗ, ಸೋಮವಾರ, ಒಬ್ಬರು ಹೆಂಗಸು ಬಂದರು. ಎಪ್ಪತ್ತು ದಾಟಿದ ವಯಸ್ಸು, ಗಂಡಸರ ಕೈಗಡಿಯಾರ, ಕಂಕುಳಲ್ಲಿ ರಟ್ಟಿನ ಫೈಲು.

“ಇಲ್ಲಿ ಸತ್ತೋರ ಬಗ್ಗೆ ಬರಿಯೋರು ಯಾರಮ್ಮ?”

“ಬದುಕಿರೋರ ಬಗ್ಗೇನೂ ಬರೀತೀವಿ. ಕೂತ್ಕೊಳ್ಳಿ.”

“ಬದುಕಿರೋರು ಬಂದು ಜಗಳ ಆಡ್ತಾರೆ, ಅದಕ್ಕೇ ಅವರದ್ದು ಸರಿಯಾಗಿ ಬರೀತೀರ. ಸತ್ತೋರ ಪರವಾಗಿ ಜಗಳ ಆಡೋಕೆ ನಾನು ಬಂದಿದೀನಿ.” ಕೂತು, ಉಸಿರು ತೆಗೆದುಕೊಂಡು, ತಾವು ಯಾರೆಂದು ಹೇಳಿದರು. ಮೂರನೆಯವರ ಮಗಳು. ಮೂವತ್ತಾರು ವರ್ಷ ನರ್ಸಾಗಿದ್ದು ನಿವೃತ್ತರಾದವರು.

ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

“ನೀರು ಸರಬರಾಜಿನೋರು ಹೊಸ ಶುದ್ಧೀಕರಣ ಘಟಕಕ್ಕೆ ನಮ್ಮಪ್ಪನ ಹೆಸರು ಇಡ್ತೀವಿ ಅಂದ್ರು. ನನ್ನನ್ನೂ ಸಭೆಗೆ ಕರೆದ್ರು. ಅಲ್ಲಿ ಒಬ್ಬ ನಿಮ್ಮ ಪುಸ್ತಕ ತೆಗೆದು ಗಟ್ಟಿಯಾಗಿ ಓದಿಬಿಟ್ಟ. ಎಲ್ಲರೂ ನನ್ನ ಮುಖ ನೋಡಿದ್ರು. ಹೆಸರು ಇಡೋದು ಅಲ್ಲಿಗೇ ನಿಂತೋಯ್ತು.” ಫೈಲಿನ ದಾರ ಬಿಚ್ಚಿದರು. “ನಮ್ಮಪ್ಪ ನೆಲದ ಕೆಳಗೆ ಕೊಳವೆ ಹಾಕಿದೋರು ಕಣಮ್ಮ. ನೆಲದಿಂದ ಮೇಲಕ್ಕೆ ಒಂದು ಸ್ಟೂಲೂ ಕಟ್ಟಿದೋರಲ್ಲ. ಮನೇಲಿ ಗೋಡೆಗೆ ಮೊಳೆ ಹೊಡೀಬೇಕಂದ್ರೆ ಪಕ್ಕದ ಮನೆಯೋರ್ನ ಕರೀತಿದ್ರು. ಅವರು ಸೇತುವೆ ಕಟ್ಟಿದ್ರಂತೆ!”

ನಗು ಬಂತು. ಅವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು:

“ಸತ್ತವರಲ್ಲಿ ಒಂದು ಹುಡುಗಿ ಇದ್ಲು. ಅವಳ ತಾಯಿ ಪೇಪರ್ ಕೈಯಲ್ಲಿ ಹಿಡ್ಕೊಂಡು ನಮ್ಮನೆ ಮೆಟ್ಟಿಲ ಮೇಲೆ ಬಂದು ಕೂತ್ಲು. ಮೂರು ದಿನ. ಬೈಲಿಲ್ಲ, ಅಳಲಿಲ್ಲ, ಸುಮ್ನೆ ಕೂತ್ಲು. ಅಪ್ಪ ಅವಳಿಗೆ ನೀರು ಕೊಟ್ರು. ನಾನಲ್ಲಮ್ಮ ಅನ್ನಲಿಲ್ಲ. ನಾನು ಜಗಳ ತೆಗೆದೆ, ಬಾಯಲ್ಲಿ ಏನಿಟ್ಕೊಂಡಿದೀರ, ಹೇಳೋದಲ್ವಾ ಅಂತ. ಅದಕ್ಕೆ ಅಪ್ಪ, ‘ನಾನಲ್ಲ ಅಂದ್ರೆ ಅವಳು ಇನ್ನೊಂದು ಮನೆ ಹುಡುಕ್ಕೊಂಡು ಹೋಗ್ತಾಳೆ. ಆ ಮನೇಲಿ ಚಿಕ್ಕ ಹುಡುಗಿ ಇದಾಳಂತೆ’ ಅಂದ್ರು.”

ಕಿಟಕಿಯ ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತ ಪೀಪೀ ಎನ್ನುತ್ತಿತ್ತು. ಅದು ನಿಲ್ಲುವವರೆಗೂ ನಾನು ಚೀಟಿಯ ಕಟ್ಟನ್ನು ಮೇಜಿನ ಮೇಲೆ ಕುಟ್ಟಿ ಕುಟ್ಟಿ ಅಂಚು ಸರಿ ಮಾಡಿದೆ.

“ಆ ಇನ್ನೊಬ್ಬರು?” ಎಂದೆ.

“ಅವರು ತಾವಾಗೇ ಹೇಳ್ತಾರೆ ಅಂತ ಅಪ್ಪ ಕಾದ್ರು. ಎಂಜಿನಿಯರಲ್ವಾ, ಒಂದಲ್ಲ ಒಂದು ದಿನ ಹೇಳೇ ಹೇಳ್ತಾರೆ ಅನ್ನೋರು. ಕಾದು ಕಾದು ಇಬ್ಬರೂ ಹೋದ್ರು. ಈಗ ನಾನು ಕಾಯೋ ಹಾಗಿಲ್ಲಮ್ಮ, ನನಗೆ ಎಪ್ಪತ್ತನಾಲ್ಕು.”

ಅವರನ್ನು ಸಂಪಾದಕರ ಕೋಣೆಗೆ ಕರೆದುಕೊಂಡು ಹೋದೆ. ನಮ್ಮ ಸಂಪಾದಕರಿಗೆ ಇಟ್ಟ ಅಡ್ಡಹೆಸರು ಅಲ್ಪವಿರಾಮ. ಇಡೀ ಪುಟ ಸರಿಯಿದ್ದರೂ ಒಂದನ್ನಾದರೂ ಸೇರಿಸದೆ ಬಿಡರು. ಅವರು ಫೈಲನ್ನು ಮೊದಲಿಂದ ಕೊನೆಯವರೆಗೆ ಓದಿದರು. ಅದರಲ್ಲಿ ದಾಖಲಾತಿ ಕಚೇರಿಯಿಂದ ತಂದ ಆ ಸೇತುವೆಯ ನಕ್ಷೆಯ ಪ್ರತಿಯಿತ್ತು, ಕೆಳಗೆ ಸಹಿ ಇತ್ತು. ಪಕ್ಕದಲ್ಲಿ ನರ್ಸಮ್ಮ ತಂದೆಯ ಪತ್ರಗಳನ್ನಿಟ್ಟಿದ್ದರು.

“ಸಹಿ ಬೇರೆ ಬೇರೆ ಇದೆ, ನಿಜ. ಆದ್ರೆ ಮನುಷ್ಯ ಆಫೀಸಲ್ಲಿ ಒಂದು ತರ, ಮನೇಲಿ ಒಂದು ತರ ಸಹಿ ಹಾಕ್ತಾನೆ. ಇದು ನಿಮ್ಮಪ್ಪಾಜಿದಲ್ಲ ಅನ್ನೋಕಾಗಲ್ಲ. ನಾಲ್ಕನೆಯೋರ ಸಹಿ ಸಿಕ್ಕಿ, ಅದು ಇದಕ್ಕೆ ಹೊಂದಿದ್ರೆ, ಆವಾಗ ಆ ಸಾಲು ಇಲ್ಲಿಂದ ತೆಗೆದು ಅಲ್ಲಿ ಹಾಕ್ತೀವಿ. ಆಧಾರ ಇಲ್ದೆ ನಾನು ಏನೂ ಮುಟ್ಟೋದಿಲ್ಲ.”

“ಸುಮ್ನೆ ತೆಗೆದುಬಿಡಿ ಸಾರ್. ಅಲ್ಲಿ ಹಾಕಿ ಅಂತ ನಾನು ಕೇಳ್ತಿಲ್ಲ.”

“ಹನ್ನೊಂದು ಜನ ಸತ್ತಿದಾರೆ, ತಾಯಿ. ಅದನ್ನ ಪುಸ್ತಕದಿಂದ ತೆಗೆಯೋಕಾಗಲ್ಲ. ಯಾರದೋ ಒಬ್ಬರ ಕೆಳಗೆ ಇರ್ಲೇಬೇಕು.” ಅವರು ನನ್ನ ಕಡೆ ತಿರುಗಿದರು. “ನಾಲ್ಕನೆಯೋರ ಮನೆಯೋರು ಯಾರಾದ್ರೂ ಇದ್ದಾರಾ ನೋಡಿ. ಶುಕ್ರವಾರ ಸಂಪುಟ ಅಚ್ಚಿಗೆ ಹೋಗುತ್ತೆ. ಆಮೇಲೆ ಮುಂದಿನ ಆವೃತ್ತಿಗೇ.”

ಮುಂದಿನ ಆವೃತ್ತಿ ಎಂದರೆ ಇಪ್ಪತ್ತು ವರ್ಷ.

ಮೆಟ್ಟಿಲಿಳಿಯುವಾಗ ನರ್ಸಮ್ಮ ನನ್ನ ಭುಜ ಹಿಡಿದುಕೊಂಡು ಇಳಿದರು. “ನೀನು ಒಳ್ಳೆಯವಳ ಹಾಗೆ ಕಾಣ್ತೀಯ. ಹುಡುಕಮ್ಮ,” ಎಂದರು.

ಅಮ್ಮ ನನ್ನ ಜೊತೆಗೇ ಇದ್ದಾಳೆ. ಬುಧವಾರ ಸಂಜೆ ಬಾಲ್ಕನಿಯಲ್ಲಿ ಕೂತು ನನ್ನ ಮಗಳ ಸಮವಸ್ತ್ರದ ಅಂಚು ಬಿಚ್ಚುತ್ತಿದ್ದಳು. ಹುಡುಗಿ ಮತ್ತೆ ಎರಡು ಬೆರಳು ಉದ್ದವಾಗಿದ್ದಳು. ಪಕ್ಕದಲ್ಲಿ ಕೂತು ನರ್ಸಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಅಮ್ಮನ ಕತ್ತರಿ ನಿಲ್ಲಲಿಲ್ಲ. ಮೆಟ್ಟಿಲ ಮೇಲೆ ಕೂತ ತಾಯಿಯ ಮಾತು ಬಂದಾಗ ಮಾತ್ರ ಒಂದು ಹೊಲಿಗೆ ತಪ್ಪಿ ಬಟ್ಟೆ ಕತ್ತರಿಸಿತು.

“ಆ ಮನುಷ್ಯ ಒಂದ್ಸಲ ನಮ್ಮನೆಗೆ ಬಂದಿದ್ರು,” ಎಂದಳು.

“ಯಾವಾಗ?”

“ಪೇಪರಲ್ಲಿ ಬಂದ ವಾರ. ನಾನೇ ಬಾಗಿಲು ತೆಗೆದದ್ದು. ಒಳಗೆ ಕರೀಲಿಲ್ಲ. ‘ಅವರಿದಾರಾ?’ ಅಂದ್ರು. ಇಲ್ಲ ಅಂದೆ. ನಿಮ್ಮಪ್ಪ ಒಳಗೆ ಊಟ ಮಾಡ್ತಿದ್ರು, ತಟ್ಟೆ ಸದ್ದು ಕೇಳ್ತಿತ್ತು. ಅವರಿಗೂ ಕೇಳ್ತು. ‘ಸರಿ ತಂಗಿ, ಅವರಿಗೆ ಆರೋಗ್ಯ ನೋಡ್ಕೊಳ್ಳೋಕೆ ಹೇಳಿ’ ಅಂತ ಹೊರಟುಹೋದ್ರು.”

“ಅಪ್ಪ?”

“ಊಟ ಮುಗಿಸಿದ್ರು.”

ನೆಲಕ್ಕೆ ಬಿದ್ದ ದಾರದ ತುಂಡುಗಳನ್ನು ಆಯ್ದು ಕೈಯಲ್ಲಿಟ್ಟುಕೊಂಡೆ. ನಾನು ಕೇಳಿದೆ: “ಈಗ ಬರೀಲಾ ಅಮ್ಮ?”

“ಬೇಡ.”

“ಅವರ ಮಗಳಿಗೆ ಎಪ್ಪತ್ತನಾಲ್ಕು.”

“ನನಗೆ ಎಂಬತ್ತೊಂದು. ನಾನು ಹೋದ್ಮೇಲೆ ಏನು ಬೇಕಾದ್ರೂ ಬರ್ಕೋ. ಇನ್ನೆಷ್ಟು ದಿನ ಇರ್ತೀನಿ ನಾನು? ಅಷ್ಟು ದಿನ ತಡಿಯೋಕಾಗಲ್ವೇನೇ?” ಅವಳ ದನಿ ಏರಲಿಲ್ಲ. “ಹನ್ನೊಂದು ಜನರ ಲೆಕ್ಕ ಅವರ ತಲೇಲಿ ಯಾವತ್ತೂ ಇತ್ತು. ರಾತ್ರಿ ಎದ್ದು ಕೂತು ಬೋಲ್ಟಿನ ಅಳತೆ ಹೇಳ್ತಿದ್ರು, ನಿದ್ದೆಗಣ್ಣಲ್ಲಿ. ಅದನ್ನ ನಿನ್ನ ಪುಸ್ತಕದಲ್ಲಿ ಹಾಕ್ತೀಯಾ? ಹಾಕೋದಿಲ್ಲ. ಸೇತುವೆ ಬಿತ್ತು ಅಂತ ಅಷ್ಟೇ ಹಾಕ್ತೀಯ.”

ನಿಜ. ನಮ್ಮ ಪುಸ್ತಕದಲ್ಲಿ ಅಂಥದ್ದಕ್ಕೆ ಜಾಗವಿಲ್ಲ.

“ನೀನು ಮಾತು ಕೊಟ್ಟಿದೀಯ,” ಎಂದಳು ಅಮ್ಮ. “ನಾನು ಬಿಡಿಸಿಲ್ಲ. ಬಿಡಿಸೋದೂ ಇಲ್ಲ.”

ಆ ಸಂಜೆ ಅಮ್ಮ ಊಟಕ್ಕೆ ಏಳಲಿಲ್ಲ. “ಅಜ್ಜಿ ಯಾಕೆ ಮುನಿಸ್ಕೊಂಡಿದಾಳೆ?” ಎಂದು ಮಗಳು ಕೇಳಿದಳು. “ನನ್ನ ಮೇಲೆ,” ಎಂದೆ. “ಅದು ಗೊತ್ತು, ಯಾಕೆ ಅಂತ ಕೇಳಿದ್ದು,” ಎಂದಳು. ಅವಳಿಗೆ ಅಜ್ಜನ ಮೂರು ಸೇತುವೆಗಳು ಮಾತ್ರ ಗೊತ್ತಿದ್ದವು.

ಅಪ್ಪನ ಕಾಗದಪತ್ರಗಳೆಲ್ಲ ಅಮ್ಮನ ಟ್ರಂಕಿನಲ್ಲಿವೆ. ಅದರ ಬೀಗದ ಕೈ ಅವಳ ಕುತ್ತಿಗೆಯ ಸರದಲ್ಲಿದೆ. ಆದರೆ ನನಗೆ ಟ್ರಂಕು ಬೇಕಿರಲಿಲ್ಲ. ನನ್ನ ಸ್ವಂತ ಕಡತದಲ್ಲಿ, ಹತ್ತನೆಯ ತರಗತಿಯ ಅಂಕಪಟ್ಟಿಯ ಹಿಂದೆ, ಐದರಿಂದ ಒಂಬತ್ತನೆಯ ತರಗತಿಯವರೆಗಿನ ಪ್ರಗತಿಪತ್ರಗಳಿವೆ. ಪ್ರತಿಯೊಂದರಲ್ಲೂ ‘ಪೋಷಕರ ಸಹಿ’ ಎಂಬಲ್ಲಿ ಅಪ್ಪನ ಪೂರ್ತಿ ಹೆಸರು. ಕೊನೆಯ ಅಕ್ಷರದಿಂದ ಹಿಂದಕ್ಕೆ ಎಳೆದ ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಐದನೆಯ ತರಗತಿಯದು ಸೇತುವೆಯ ನಕ್ಷೆಗೆ ಸಹಿ ಬಿದ್ದ ವರ್ಷದ್ದೇ. ಗಣಿತದಲ್ಲಿ ನನಗೆ ನಲವತ್ತೊಂದು ಬಂದಿತ್ತು. ಅಪ್ಪ ಬೈಯದೆ ಸಹಿ ಹಾಕಿದ್ದು ನೆನಪಿದೆ.

ಶುಕ್ರವಾರ ಬೆಳಿಗ್ಗೆ ಅದನ್ನು ನಕ್ಷೆಯ ಪ್ರತಿಯ ಪಕ್ಕದಲ್ಲಿಟ್ಟು ಸಂಪಾದಕರಿಗೆ ಕೊಟ್ಟೆ. ಅವರು ಭೂತಗನ್ನಡಿ ಹಿಡಿದು ಗೆರೆ ನೋಡಿದರು, ಚುಕ್ಕೆ ನೋಡಿದರು.

“ಅದೇ ಸಹಿ. ಎಲ್ಲಿ ಸಿಕ್ತು ಇದು? ಯಾವ ಹುಡುಗೀದೋ ಪ್ರಗತಿಪತ್ರ...” ಎನ್ನುತ್ತ ಮೇಲೆ ಇದ್ದ ಹೆಸರು ಓದಿದರು. ನನ್ನ ಮುಖ ನೋಡಿದರು. ಮತ್ತೆ ಓದಿದರು.

“ಹತ್ತೊಂಬತ್ತು ವರ್ಷ ಇಲ್ಲೇ ಇದೀರಲ್ರೀ.”

“ಹೌದು ಸಾರ್.”

“ಇದನ್ನ ನೋಡಿದ್ರಾ, ಹಳೇ ಆವೃತ್ತೀಲಿ?”

“ಬಂದ ವಾರವೇ ನೋಡಿದ್ದೆ.”

ಅವರು ಬೈಯಬಹುದಿತ್ತು. ಕೆಲಸದಿಂದ ತೆಗೆಯಬಹುದಿತ್ತು, ನಿಯಮವೂ ಹಾಗೇ ಇದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಸಂಬಂಧಿಕರು ತಿದ್ದುಪಡಿ ಬರಿಯೋ ಹಾಗಿಲ್ಲ, ಗೊತ್ತಲ್ಲ. ನಾನು ಬೇರೆಯೋರ ಕೈಲಿ ಬರೆಸ್ತೀನಿ. ನೀವು ಆಧಾರ ಕೊಟ್ಟೋರು ಅಂತ ಸಹಿ ಹಾಕಿ, ಸಾಕು.”

ನನಗೆ ಒಂದು ದಾರಿ ಕಂಡಿತು. ಬೇರೆಯವರು ಬರೆದರೆ ನಾನು ಬರೆದ ಹಾಗಲ್ಲ. ಅಮ್ಮನಿಗೆ ಹಾಗೆ ಹೇಳಬಹುದು. ಅಮ್ಮ ನಂಬುವುದಿಲ್ಲ, ಆದರೆ ಹೇಳಬಹುದು. ಮೂರನೆಯವರು ಬಾಗಿಲಲ್ಲಿ ನಿಂತಾಗ ಒಳಗೆ ತಟ್ಟೆಯ ಸದ್ದು ಮಾಡುತ್ತಿದ್ದವರ ಮಗಳಿಗೆ ಅಷ್ಟು ಸುಲಭದ ದಾರಿ ಸಿಗಬಾರದು ಅನ್ನಿಸಿತು.

“ನಾನೇ ಬರೀತೀನಿ ಸಾರ್. ನೀವು ಪರಿಶೀಲಿಸಿ ಸಹಿ ಹಾಕಿ.”

ಅವರು ಚೀಟಿಯ ಕಟ್ಟನ್ನು ನನ್ನ ಕಡೆ ಸರಿಸಿದರು.

ಮೂರನೆಯವರ ಕೆಳಗಿನ ಸಾಲು ಹೊಡೆದು ಹಾಕಿದೆ. ನಾಲ್ಕನೆಯವರ ಕೆಳಗೆ, ಮೂರು ಸೇತುವೆಗಳ ನಂತರ, ಬಿದ್ದ ಸೇತುವೆಯ ಹೆಸರು, ತಾರೀಖು, ಹನ್ನೊಂದು ಮಂದಿ ಎಂದು ಬರೆದೆ. ‘ಆಧಾರ ನೀಡಿದವರು’ ಎಂಬಲ್ಲಿ ನನ್ನ ಹೆಸರು. ‘ವ್ಯಕ್ತಿಯೊಂದಿಗೆ ಸಂಬಂಧ’ ಎಂಬಲ್ಲಿ ‘ಮಗಳು’.

ಮಧ್ಯಾಹ್ನ ಸಂಪುಟ ಅಚ್ಚಿಗೆ ಹೋಯಿತು. ನರ್ಸಮ್ಮನಿಗೆ ಫೋನ್ ಮಾಡಿ, ಆಗಿದೆ ಎಂದೆ. ನಾಲ್ಕನೆಯವರ ಮನೆಯವರು ಸಿಕ್ಕರಾ ಎಂದು ಕೇಳಿದರು. ಸಿಕ್ಕರು, ಆ ಚಿಕ್ಕ ಹುಡುಗಿ ನಾನೇ ಎಂದೆ. ಅವರು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.

ಸಂಜೆ ಮನೆಗೆ ಹೋಗಿ ಅಮ್ಮನಿಗೂ ಹೇಳಿದೆ. ಅವಳಿಗೆ ಕೊಟ್ಟ ಮಾತನ್ನು, ಅವಳು ಬದುಕಿರುವಾಗಲೇ, ಮುರಿದೆ.