ಹಗ್ಗದ ಜೊತೆಗಾರ

ಫಹಾದ್ ಗೋರಿಯೊಳಕ್ಕೆ ಇಳಿದು ಮೇಲಕ್ಕೆ ಕೈ ಚಾಚಿದ. ಅಪ್ಪ ನವಾಬನ ದೇಹವನ್ನು ಒಬ್ಬನೇ ಇಳಿಸಿಕೊಳ್ಳಲಾಗದು; ಇನ್ನೊಬ್ಬರು ಬೇಕು. ಮಸೀದಿಯ ಗಂಡಸರು ಮುಂದೆ ಬರುವಷ್ಟರಲ್ಲಿ ತ್ಯಾಗರಾಜ ಬೂಟು ಕಳಚಿ ನಿಂತಿದ್ದ. ಬೆಟ್ಟ ಹತ್ತುವಾಗ ನವಾಬನ ಹಗ್ಗದ ಇನ್ನೊಂದು ತುದಿ ಹಿಡಿಯುತ್ತಿದ್ದ ಗೆಳೆಯ ಅವನು.

"ನಾವಿಷ್ಟು ಜನ ಇದೀವಲ್ಲ, ಅವರು ಯಾಕೆ? ನಮ್ಮೋರಲ್ವಲ್ಲ," ಎಂದ ನವಾಬನ ಚಿಕ್ಕಪ್ಪನ ಮಗ.

ಮನೆಯವರು ಒಪ್ಪಿದರೆ ತಮ್ಮದೇನೂ ಅಡ್ಡಿಯಿಲ್ಲ ಎಂದರು ಇಮಾಮರು. ಎಲ್ಲರೂ ಹೆಂಗಸರ ಸಾಲಿನತ್ತ ತಿರುಗಿದರು.

"ಅಮ್ಮೀ, ಇಟ್ಸ್ ಯುವರ್ ಕಾಲ್," ಕೆಳಗಿನಿಂದ ಫಹಾದ್ ಕೂಗಿದ.

ಬದರುನ್ನೀಸಾ ತ್ಯಾಗರಾಜನತ್ತ ಒಮ್ಮೆ ನೋಡಿ ಮುಖ ತಿರುಗಿಸಿದಳು. ಗಂಡ ತೀರಿಕೊಂಡದ್ದು ಬೆಟ್ಟದಲ್ಲಲ್ಲ, ಇಲ್ಲೇ ಡರ್ಹಮ್‌ನ ಮನೆಯಲ್ಲಿ, ನಿದ್ದೆಯಲ್ಲಿ. ಆದರೂ ಈ ಮನುಷ್ಯನ ಮುಖ ಕಂಡರೆ ಅವಳ ಮೈಯೆಲ್ಲ ಉರಿಯುತ್ತಿತ್ತು.

*

ಕೊರೋನಾ ಕಳೆದ ಮೊದಲ ಬೇಸಿಗೆಯಲ್ಲಿ ಹಟ ಹಿಡಿದು ಅವಳೂ ವಯೋಮಿಂಗ್‌ಗೆ ಹೋಗಿದ್ದಳು. ಗ್ರ್ಯಾಂಡ್ ಟೀಟನ್ ಶಿಖರ ಬಯಲಿನಿಂದ ನೆಟ್ಟಗೆ ಎದ್ದು ನಿಂತಿತ್ತು. ಬರೀ ಒಡೆದ ಬಂಡೆ, ಸಂದಿಗಳಲ್ಲಿ ಹಿಮ.

"ಅಂಥಾದ್ದೇನಿದೆ ರೀ ಅಲ್ಲಿ?"

"ಏನೂ ಇಲ್ಲ ಬದರು, ಅದಕ್ಕೇ ಹೋಗೋದು. ಹಿಡಿದ ಕಲ್ಲು ಗಟ್ಟಿಯಿದ್ಯಾ, ಮುಂದೆ ಕಾಲೆಲ್ಲಿಡಲಿ, ಇಷ್ಟೇ ತಲೇಲಿರತ್ತೆ. ಇಲ್ಲಿ ಕೆಳಗೆ ನಮಾಜಿಗೆ ನಿಂತ್ರೂ ನಂಗೆ ಆಫೀಸೇ ಕಾಣ್ಸತ್ತೆ."

ಹೊತ್ತು ಮುಳುಗುವಾಗ ಗೆಳೆಯರಿಬ್ಬರೂ ಬೆರಳು ತರಚಿಕೊಂಡು, ಹುಡುಗರ ಹಾಗೆ ನಗುತ್ತ ಇಳಿದು ಬಂದರು. ಕಾಲು ಜಾರಿ ನವಾಬ ಹಗ್ಗದಲ್ಲಿ ನೇತಾಡಿದ್ದನಂತೆ, ನಗು ಅದಕ್ಕೇ. ಅವಳು ತ್ಯಾಗರಾಜನತ್ತ ತಿರುಗಿ, "ಒಂದಿನ ಇವರನ್ನ ಹೆಣ ಮಾಡಿ ತಂದು ನನ್ನ ಮುಂದೆ ಹಾಕ್ತೀರ ನೀವು," ಎಂದಿದ್ದಳು. ಆಮೇಲೆ ಅವನನ್ನು ಮಾತಾಡಿಸಿರಲಿಲ್ಲ.

*

ತ್ಯಾಗರಾಜ ಅವಳೆದುರಿಗೆ ಬಂದು ನಿಂತ. ತಲೆ ಪೂರಾ ಬೆಳ್ಳಗಾಗಿತ್ತು.

"ಭಾಬಿ, ಅವನ ಭಾರ ನನ್ನ ಕೈಗೆ ಗೊತ್ತು. ಜಾರಿದಾಗೆಲ್ಲ ನಾನೇ ಹಿಡಿದಿದ್ದು. ಇದೊಂದು ಸಲ..."

ಬದರುನ್ನೀಸಾ ಅವನ ಕೈಗಳನ್ನು ನೋಡಿದಳು.

"ತಲೆ ಕಡೆ ನೀವು ಹಿಡ್ಕೊಳ್ಳಿ," ಎಂದಳು. "ಫಹಾದ್‌ಗೆ ನಾಜೂಕು ಸಾಲದು."

"ಅಮ್ಮೀ, ಐ ಕ್ಯಾನ್ ಹಿಯರ್ ಯು."

ಯಾರೋ ನಕ್ಕು, ತಟಕ್ಕನೆ ಸುಮ್ಮನಾದರು.

ತ್ಯಾಗರಾಜ ಗೋರಿಯೊಳಕ್ಕೆ ಇಳಿದ. ಬಿಳಿ ಕಫನ್ನಿನಲ್ಲಿ ಸುತ್ತಿದ ದೇಹ ಮೇಲಿನವರ ಕೈಯಿಂದ ಅವನ ತೋಳಿಗೆ ಬಂತು. ಅವನು ಅವಸರ ಮಾಡಲಿಲ್ಲ. ಇಮಾಮರು ಹೇಳಿದಂತೆ ಬಲಮಗ್ಗುಲಿಗೆ ಒರಗಿಸಿ, ಮುಖ ಮಕ್ಕಾದ ದಿಕ್ಕಿಗೆ ತಿರುಗಿಸಿ, ಕೈ ತೆಗೆದ.

ಫಹಾದ್ ಅಂಚು ಹಿಡಿದು ಮೇಲೆ ಬಂದ. ತ್ಯಾಗರಾಜನಿಗೆ ಆಗಲಿಲ್ಲ. ಬೆರಳುಗಳು ಕೆಂಪು ಜೇಡಿಮಣ್ಣಿನಲ್ಲಿ ಹಿಡಿತಕ್ಕಾಗಿ ತಡಕಾಡಿದವು; ಹಿಡಿದಲ್ಲೆಲ್ಲ ಮಣ್ಣು ಉದುರಿತು. ಗಂಡಸರು ಬಗ್ಗುವ ಮೊದಲೇ ಬದರುನ್ನೀಸಾ ಸಾಲು ಬಿಟ್ಟು ಬಂದಳು. ದುಪಟ್ಟಾ ಸೊಂಟಕ್ಕೆ ಬಿಗಿದು, ಅಂಚಿನಲ್ಲಿ ಮೊಣಕಾಲೂರಿ, ಎರಡೂ ಕೈ ಕೆಳಕ್ಕೆ ಚಾಚಿದಳು.