ಲೀಟರಿಗೆ ಇಪ್ಪತ್ತೇಳು

ನಾನು ಒಂದು ಪುಟ್ಟ ಬಿಳಿ ಕಾರು. ಹುಟ್ಟಿದ್ದು ಉತ್ತರದ ಕಡೆಯ ಒಂದು ಕಾರ್ಖಾನೆಯಲ್ಲಿ. ಮೈಯ ಬಣ್ಣ ಸರಿಯಾಗಿ ಆರುವ ಮೊದಲೇ ನನ್ನ ಗಾಜಿಗೆ ಒಂದು ಅಂಕಿ ಅಂಟಿಸಿದರು: ಲೀಟರಿಗೆ ಇಪ್ಪತ್ನಾಲ್ಕು ಕಿಲೋಮೀಟರ್. ಅದು ನಾನು ಕೊಟ್ಟ ಮಾತಲ್ಲ. ನನ್ನಂಥದೇ ಒಂದು ಕಾರನ್ನು ಕೋಣೆಯೊಳಗೆ ಉರುಳೆಗಳ ಮೇಲೆ ನಿಲ್ಲಿಸಿ ಓಡಿಸಿ ತೆಗೆದ ಲೆಕ್ಕ. ಆ ಕೋಣೆಯಲ್ಲಿ ಏರು ಇರಲಿಲ್ಲ, ತಗ್ಗು ಇರಲಿಲ್ಲ, ಅಡ್ಡ ಬರುವ ಎಮ್ಮೆಯೂ ಇರಲಿಲ್ಲ. ನಿಂತಲ್ಲೇ ಓಡಿದವರ ಮಾತನ್ನು ರಸ್ತೆಯಲ್ಲಿ ಓಡುವವರು ಉಳಿಸಿಕೊಡಬೇಕಂತೆ. ನನ್ನ ಸಿಟ್ಟು ಹುಟ್ಟಿದ್ದು ಅಲ್ಲಿಯೇ.

ನನ್ನನ್ನು ಮೊದಲು ಕೊಂಡವನು ಹುಬ್ಬಳ್ಳಿಯ ಒಬ್ಬ ವಿಮಾ ಏಜೆಂಟ್. ಕ್ಲಚ್ ಮೇಲಿಂದ ಕಾಲು ತೆಗೆದದ್ದನ್ನು ನಾನು ನೋಡಲಿಲ್ಲ. ಎದುರಿಗೆ ಕೆಂಪು ದೀಪ ಕಂಡರೂ ಒತ್ತಿಕೊಂಡು ಹೋಗಿ ಕಡೆಗೆ ಗಕ್ಕನೆ ನಿಲ್ಲಿಸುವನು. ಹದಿನಾರು ಕೊಟ್ಟೆ. ಅದೇ ಹೆಚ್ಚು. "ಮೋಸದ ಗಾಡಿ" ಎಂದು ನಾಲ್ಕು ಜನರ ಮುಂದೆ ನನ್ನ ಚಕ್ರಕ್ಕೆ ಒದ್ದು, ಐದನೆಯ ವರ್ಷ ಮಾರಿದ.

ಆಮೇಲೆ ಬಂದದ್ದು ಧಾರವಾಡಕ್ಕೆ, ಚನ್ನವೀರ ಮುಗಳಿಯ ಮನೆಗೆ. ಅವನದು ಕನ್ನಡಕದ ಅಂಗಡಿ. ಹೆಂಡತಿ ಮಹಾನಂದಾ ಹಿತ್ತಲಲ್ಲಿ ಐದಾರು ಹೆಂಗಸರನ್ನು ಕೂಡಿಸಿ ಜೋಳದ ರೊಟ್ಟಿ ತಟ್ಟಿಸಿ, ಒಣಗಿಸಿ, ಹುಬ್ಬಳ್ಳಿಯ ಖಾನಾವಳಿಗಳಿಗೆ ಕಳಿಸುತ್ತಿದ್ದಳು. ಆ ರೊಟ್ಟಿಯ ಬುಟ್ಟಿಗಳನ್ನು ನನ್ನ ಹಿಂದಿನ ಸೀಟು ಮಡಚಿ ಇಟ್ಟುಕೊಂಡು ದಿನವೂ ಓಡಿಸುತ್ತಿದ್ದವಳು ಚನ್ನವೀರನ ತಂಗಿ ಸಾವಂತ್ರಿ. ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು. ಮಾತು ಕಡಿಮೆ. ಯಾರಾದರೂ ಎರಡು ಸಲ ಹೆಸರು ಕೇಳಿದರೆ ಮೂರನೆಯ ಸಲಕ್ಕೆ ಹೇಳುವವಳು. ಆದರೆ ಕಣ್ಣಿಗೆ ಬಿದ್ದದ್ದನ್ನು ಮರೆಯುತ್ತಿರಲಿಲ್ಲ.

ಕಡಕ್ ರೊಟ್ಟಿ ಹೊರುವುದೆಂದರೆ ಗಾಜು ಹೊತ್ತಂತೆ. ಮೊದಲ ತಿಂಗಳು ಅರ್ಧಕ್ಕರ್ಧ ಚೂರಾದವು. ಖಾನಾವಳಿಯವರು ಬುಟ್ಟಿ ಹಿಂದೆ ಕೊಟ್ಟು, "ಚೂರು ತಿನ್ನಾಕ ನಮ್ಮಲ್ಲಿ ಕೋಳಿ ಬರೂದಿಲ್ಲವಾ, ಮಂದಿ ಬರತಾರ" ಎಂದು ನಕ್ಕರು. ಮರುದಿನದಿಂದ ಸಾವಂತ್ರಿ ಬೇರೆ ರೀತಿ ಓಡಿಸಿದಳು. ದೂರದಲ್ಲಿ ದೀಪ ಕೆಂಪಾದರೆ ಆಗಲೇ ಕಾಲು ತೆಗೆದು, ನಾನು ತಾನಾಗಿ ನಿಧಾನವಾಗುವವರೆಗೆ ಕಾಯುವಳು. ಏರಿನಲ್ಲಿ ನನ್ನ ಉಸಿರು ಕೇಳಿ ಗೇರ್ ಬದಲಿಸುವಳು. ಹಿಂದಿನ ಬುಟ್ಟಿಯಲ್ಲಿ 'ಕರಕ್' ಎಂದರೆ ಅವಳ ಕಾಲು ತಕ್ಷಣ ಮೃದುವಾಗುತ್ತಿತ್ತು. ರೊಟ್ಟಿ ಉಳಿಸಲು ಹೊರಟವಳು ಪೆಟ್ರೋಲ್ ಉಳಿಸಿದಳು. ಅದು ಅವಳಿಗೇ ಗೊತ್ತಿರಲಿಲ್ಲ.

ಗೊತ್ತಾದದ್ದು ಚನ್ನವೀರನಿಗೆ.

"ಟ್ಯಾಂಕ್ ಯಾವಾಗ ತುಂಬಿಸಿದ್ದೆವಾ?" ಎಂದು ಒಂದು ದಿನ ಕೇಳಿದ.

"ಹೋದ ಐತವಾರ."

"ಇನ್ನೂ ಐತೇನು?"

ಕಂಠಮಟ್ಟ ತುಂಬಿಸಿ, ಕಿಲೋಮೀಟರ್ ಬರೆದಿಟ್ಟು, ಮತ್ತೆ ತುಂಬಿಸಿ ನೋಡಿದ. ಇಪ್ಪತ್ತೇಳು! ಕಾರ್ಖಾನೆಯವರ ಅಂಕಿಗಿಂತ ಮೂರು ಹೆಚ್ಚು. ತಂಗಿಗೆ ಶಭಾಷ್ ಅನ್ನಲಿಲ್ಲ. ತನಗೊಂದು ಹೊಸ ಅಂಗಿ ಹೊಲಿಸಿಕೊಂಡ.

ಊರಿನಲ್ಲಿ ಪೆಟ್ರೋಲ್ ಉಳಿಸುವ ಸವಾರರ ಒಂದು ಬಳಗವಿತ್ತು. ತಿಂಗಳಿಗೊಮ್ಮೆ ಒಂದು ಕಲ್ಯಾಣ ಮಂಟಪದ ಅಂಗಳದಲ್ಲಿ ಸೇರುತ್ತಿದ್ದರು. ಬಂದವರು ತಮ್ಮ ತಮ್ಮ ಗಾಡಿಯ ಬಾನೆಟ್ ಮೇಲೆ ಕೈಯಿಟ್ಟು, ಹೆಸರು, ಊರು, ಲೀಟರಿಗೆ ಎಷ್ಟು ಎಂಬುದನ್ನು ಹೇಳಬೇಕು. ಕೋರ್ಟಿನಲ್ಲಿ ಪ್ರಮಾಣ ಮಾಡುವವರೂ ಅಷ್ಟು ಗಂಭೀರವಾಗಿ ನಿಲ್ಲುವುದಿಲ್ಲ. ಒಬ್ಬ ಬೇಸಿಗೆಯಲ್ಲೂ ಎ.ಸಿ. ಹಾಕದೆ ಹೆಂಡತಿಯನ್ನು ಬೇಯಿಸಿಕೊಂಡು ಬಂದಿದ್ದ. ಡಾಕ್ಟರ್ ಪಾಟೀಲರು ಭಾರ ಕಡಿಮೆಯಾಗಲೆಂದು ಸ್ಟೆಪ್ನಿ ಮನೆಯಲ್ಲಿಟ್ಟು ಹೊರಟು, ದಾರಿಯಲ್ಲಿ ಪಂಕ್ಚರ್ ಆಗಿ, ರಿಕ್ಷಾದಲ್ಲಿ ಬಂದಿಳಿದರು.

"ಡಾಕ್ಟರ್ ಸಾಹೇಬ್ರ, ಗಾಡಿ ಎಲ್ರೀ?"

"ಹಿಂದಿಂದ ಬರಾಕತ್ತೈತ್ರಿ."

"ಒಂದ ಹನಿ ಎಣ್ಣಿ ಕುಡೀದ ಬರತೈತೆನ್ರಿ ಹಂಗಾರ!" ಎಂದು ಅಂಗಳವೆಲ್ಲ ನಕ್ಕಿತು. ನಾನೂ ನಗುತ್ತಿದ್ದೆ. ಅಷ್ಟರಲ್ಲಿ ಚನ್ನವೀರನ ಸರದಿ ಬಂತು.

"ನಾ ಚನ್ನವೀರ ಮುಗಳಿ, ಧಾರವಾಡ. ಈ ಗಾಡಿ ನನ್ನ ಕೈಯಾಗ ಲೀಟರಿಗೆ ಇಪ್ಪತ್ತೇಳು ಕೊಡತೈತ್ರಿ."

ನನ್ನ ಕೈಯಾಗ! ಅವನನ್ನು ಕೂಡಿಸಿಕೊಂಡು ನನ್ನನ್ನು ಅಲ್ಲಿಗೆ ಓಡಿಸಿ ತಂದವಳು ಗೇಟಿನ ಹತ್ತಿರ ನೆರಳಿಗೆ ನಿಂತಿದ್ದಳು. ಬಾನೆಟ್ ಮೇಲಿದ್ದ ಆ ಕೈಯ ಪರಿಚಯವೇ ನನಗಿರಲಿಲ್ಲ. ಸಾವಂತ್ರಿ ಏನಾದರೂ ಹೇಳಿಯಾಳು ಎಂದು ನೋಡಿದೆ. ಅವಳು ಚಪ್ಪಲಿಯ ತುದಿ ನೋಡುತ್ತಿದ್ದಳು. ಅವನ ಮೇಲೆ ಬಂದಷ್ಟೇ ಸಿಟ್ಟು ನನಗೆ ಅವಳ ಮೇಲೂ ಬಂತು.

ಹೇಗೆ ಸಾಧಿಸಿದಿರಿ ಎಂದು ಜನ ಕೇಳಿದರು. ಅವನು ಹೇಳಿದ್ದೇ ಹೇಳಿದ್ದು. ಬಿಸಿಲೇರುವ ಮೊದಲು ಪೆಟ್ರೋಲ್ ಹಾಕಿಸಬೇಕಂತೆ. ತುಂಬಿಸುವಾಗ ಗಾಡಿ ಅಲುಗಾಡಿಸಿ ಗಾಳಿ ಬಿಡಿಸಬೇಕಂತೆ. ಕೆಲವರು ಬರೆದುಕೊಂಡರು. ಡಾಕ್ಟರು ಮಾತ್ರ, "ಮುಂದಿನ ಐತವಾರ ನಿಮ್ಮ ಬಾಜೂ ಕುಂತು ನೋಡತೀನಿ" ಎಂದರು.

ಆ ಐತವಾರ ಚನ್ನವೀರ ಓಡಿಸಿದ. ಪಕ್ಕದಲ್ಲಿ ಡಾಕ್ಟರು. ದಾರಿಯಲ್ಲಿ ಒಂದು ಖಾನಾವಳಿಗೆ ಕೊಡಲೆಂದು ಹಿಂದೆ ಒಂದು ಬುಟ್ಟಿ ಮತ್ತು ಸಾವಂತ್ರಿ. ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಬುಟ್ಟಿಯಲ್ಲಿ ಉಳಿದದ್ದು ಬರೀ ಚೂರು. ಅಂಕಿ ತಪ್ಪಿಹೋಗುತ್ತದೆಂದು ಅವನಿಗೂ ಅನ್ನಿಸಿರಬೇಕು. ಊರ ಹೊರಗಿನ ಉದ್ದ ಇಳಿಜಾರು ಬಂತು. ಡಾಕ್ಟರು ಫೋನಿನಲ್ಲಿ ಮುಳುಗಿದ್ದರು. ಚನ್ನವೀರ ಗೇರ್ ಬಿಡಿಸಿ, ಸದ್ದಾಗದಂತೆ ಕೀಲಿ ತಿರುಗಿಸಿ ನನ್ನ ಎಂಜಿನ್ ಬಂದ್ ಮಾಡಿದ. ಪುಕ್ಕಟೆ ಓಟ.

ಎಂಜಿನ್ ನಿಂತರೆ ನನ್ನ ಬ್ರೇಕ್ ಎರಡು ಸಲ ಒತ್ತುವುದರೊಳಗೆ ಗಟ್ಟಿಯಾಗುತ್ತದೆ. ನನ್ನಂಥ ಎಲ್ಲ ಕಾರಿನ ಸ್ವಭಾವವೂ ಅದೇ. ಕೆಳಗೆ ಸೇತುವೆಯ ಮೇಲೆ ಕುರಿಗಳ ಹಿಂಡು ಬಂತು. ಒತ್ತಿದ, ಒತ್ತಿದ, ಮೂರನೆಯದು ಕಲ್ಲು. "ಅಣ್ಣಾ, ಕೀಲಿ!" ಎಂದು ಸಾವಂತ್ರಿ ಕೂಗಿ, ಸೀಟುಗಳ ನಡುವೆ ಕೈಚಾಚಿ ಹ್ಯಾಂಡ್ ಬ್ರೇಕ್ ಎಳೆದಳು. ಕುರಿಗಳು ಉಳಿದವು, ಒಳಗಿನವರೂ ಉಳಿದರು. ನನ್ನ ಮೋರೆ ಮಾತ್ರ ಸೇತುವೆಯ ಗೋಡೆಗೆ ಹೋಗಿ ಮುದುಡಿತು.

"ಬ್ರೇಕ್ ಫೇಲ್ ಆತ್ರಿ!" ಎಂದ ಚನ್ನವೀರ, ಇಳಿಯುವ ಮೊದಲೇ.

ಮನೆಯಲ್ಲಿ ಹೇಳಿದ ಮಾತು ಇನ್ನೂ ಚಂದ. "ದಿನಾ ಓಡಸಾಕಿ ಇಕಿ. ಬ್ರೇಕ್ ಕೆಟ್ಟಿದ್ದು ಗೊತ್ತಾಗಬೇಕಿತ್ತಿಲ್ಲೋ? ಇನ್ನ ಮುಂದ ನೀ ಗಾಡಿ ಮುಟ್ಟಬ್ಯಾಡ."

ಇಪ್ಪತ್ತೇಳು ಬಂದಾಗ ಓಡಿಸಿದವನು ಅವನು. ಗೋಡೆಗೆ ಗುದ್ದಿದಾಗ ಓಡಿಸಿದವಳು ಅವಳು! ಲೋಹದ ಮೈ ನನ್ನದು, ಆದರೂ ಉರಿಯಿತು.

ನನ್ನ ಚಾಸಿ ಬಾಗಿತ್ತು. ರಿಪೇರಿಗೆ ಅರ್ಥವಿಲ್ಲವೆಂದು ಮೌಲಾಸಾಬನ ಗುಜರಿ ಅಂಗಳಕ್ಕೆ ಎಳೆದುಹಾಕಿದರು. ಚನ್ನವೀರ ಒಂದು ಹಳೆಯ ವ್ಯಾನ್ ತಂದು, ಅದಕ್ಕೊಬ್ಬ ಡ್ರೈವರನನ್ನು ಇಟ್ಟ. ಸಾವಂತ್ರಿಗೆ ಮನೆಯಲ್ಲಿ ಹಿಟ್ಟು ಜರಡಿ ಹಿಡಿಯುವ ಕೆಲಸ. ದಿನಕ್ಕೊಮ್ಮೆ ಊರಾಚೆ ಹೋಗಿ ಬರುತ್ತಿದ್ದ ಅವಳ ದಾರಿ ಹಿತ್ತಲಿಗೇ ಮುಗಿಯಿತು.

ಎರಡು ವಾರದ ಮೇಲೆ ಅವಳು ಅಂಗಳಕ್ಕೆ ಬಂದಳು. ಜೊತೆಗೆ ಮಹಾನಂದಾ. ಹಿಂದೆ ಒಲ್ಲದ ಮನಸ್ಸಿನಿಂದ ಚನ್ನವೀರ. ಮನೆಯಲ್ಲಿ ನಡೆದದ್ದನ್ನೆಲ್ಲ ಮೌಲಾಸಾಬನಿಗೆ ಮಹಾನಂದಾ ಹೇಳಿದ್ದರಿಂದಲೇ ನನಗೂ ತಿಳಿದದ್ದು.

"ಕಾಕಾ, ಇದಕ್ಕ ಒಂದು ಬ್ಯಾಟರಿ ಹಾಕ್ರಿ" ಎಂದಳು ಸಾವಂತ್ರಿ.

"ಅದನ್ನೇನ ಮಾಡತಿಯವಾ, ಮದವಿ ಮಾಡತೀಯೇನು?" ಎನ್ನುತ್ತಲೇ ಮೌಲಾಸಾಬ ಹಾಕಿದ.

"ಅಣ್ಣಾ, ಕುಂದರು. ಬ್ರೇಕ್ ಒತ್ತು."

ಅವನು ಒತ್ತಿದ. "ನೋಡ್ರಿ, ಕಲ್ಲಾಗೈತಿ. ನಾ ಹೇಳಿದ್ದು ಇದನ್ನ!"

"ಕಾಲ ತಗೀಬ್ಯಾಡ. ಹಂಗ ಒತ್ತಿ ಹಿಡಿ."

ಅವಳು ಕಿಟಕಿಯಿಂದ ಕೈಹಾಕಿ ಕೀಲಿ ತಿರುಗಿಸಿದಳು. ಒಡೆದ ರೇಡಿಯೇಟರ್, ಒಣಗಿದ ಗಂಟಲು. ಮೂರು ಸಲ ಕೆಮ್ಮಿದೆ. ನಾಲ್ಕನೆಯ ಸಲಕ್ಕೆ ಇದ್ದ ಶಕ್ತಿಯೆಲ್ಲ ಕೂಡಿಸಿ ಎದ್ದೆ. ಎಂಜಿನ್ ಹಿಡಿಯುತ್ತಲೇ ಅವನ ಕಾಲ ಕೆಳಗಿನ ಕಲ್ಲು ಕರಗಿ, ಪೆಡಲ್ ಮೆತ್ತಗೆ ಒಳಗೆ ಇಳಿಯಿತು.

ಚನ್ನವೀರ ಕಾಲನ್ನೇ ನೋಡುತ್ತ ಕುಳಿತ.

"ಬ್ರೇಕ್ ಸರಿ ಐತಿ ವೈನಿ" ಎಂದಳು ಸಾವಂತ್ರಿ. ಅತ್ತಿಗೆಯ ಮುಖವನ್ನೇ ನೋಡಿ ಮುಂದುವರಿಸಿದಳು. "ಅವತ್ತ ಅಣ್ಣ ಎಂಜಿನ್ ಬಂದ್ ಮಾಡಿದ್ದ. ಕೀಲಿ ತಿರುವಿದ್ದು ನಾ ನೋಡೀನಿ. ಲೀಟರಿಗೆ ಇಪ್ಪತ್ತೇಳು ತಗದಾಕಿನೂ ನಾನ."

ಮೌಲಾಸಾಬ ಬೇರೆ ಕಡೆ ತಿರುಗಿ ಮೀಸೆಯಲ್ಲಿ ನಕ್ಕ. ಮಹಾನಂದಾ ಗಂಡನ ಅಂಗಿಯ ಜೇಬಿಗೆ ಕೈಹಾಕಿ, ವ್ಯಾನಿನ ಕೀಲಿ ತೆಗೆದು ನಾದಿನಿಯ ಕೈಗೆ ಕೊಟ್ಟಳು.

"ನಾಳಿಂದ ಇಕೀನ ಹೋಗತಾಳ. ಚೂರು ಮಾರಿ ಸಾಕಾಗೈತಿ ನನಗ."

ಚನ್ನವೀರ ತಪ್ಪಾಯಿತು ಅನ್ನಲಿಲ್ಲ. ಬಳಗಕ್ಕೆ ಇನ್ನೂ ಹೋಗುತ್ತಾನಂತೆ. ಅದಕ್ಕೇ ನನ್ನ ಸಿಟ್ಟು ಪೂರ್ತಿ ಆರಿಲ್ಲ. ಅವತ್ತು ಅಂಗಳದಲ್ಲಿ ಸಾವಂತ್ರಿ ನನ್ನನ್ನು ಬಂದ್ ಮಾಡುವ ಮೊದಲು ಸ್ವಲ್ಪ ಹೊತ್ತು ಹಾಗೇ ಓಡಲು ಬಿಟ್ಟಳು. ಪೆಟ್ರೋಲ್ ವ್ಯರ್ಥವಾಗುತ್ತದೆ ಎಂದು ಅಣ್ಣ ಗೊಣಗಿದ.

"ಆಗಲಿ ಬಿಡು" ಎಂದಳು.